ಅಮ್ಮ ಹೇಳದೇ ಬಿಟ್ಟದ್ದು

ತಂಗಿಯ ಮದುವೆಗೆ ಇನ್ನು ಆರು ವಾರ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದಿನವೂ ಸೀರೆ, ಛತ್ರ, ಊಟದ್ದೇ ಚರ್ಚೆ. ಇದರ ನಡುವೆ ಒಂದು ರಾತ್ರಿ, ಆಫೀಸಿನ ರಿಲೀಸ್ ಮುಗಿಯೋದನ್ನೇ ಕಾಯ್ತಾ ಫೋನಿನಲ್ಲಿ ಒಂದು ಹಳೇ ಇಂಗ್ಲಿಷ್ ಕಥೆ ಓದಿದೆ. ಆಮೇಲೆ ನಿದ್ದೆ ಬರಲಿಲ್ಲ.

ಕಥೆಯ ಹೆಸರು 'ವರ್ಜಿನ್ ಸಾಯಿಲ್'. ವಿಕ್ಟೋರಿಯಾ ರಾಣಿಯ ಕಾಲದ್ದು. 1894ರ 'ಡಿಸ್ಕಾರ್ಡ್ಸ್' ಸಂಕಲನದಲ್ಲಿದೆ. ಬರೆದವರು ಜಾರ್ಜ್ ಎಜರ್ಟನ್. ಗಂಡಸು ಅಂದುಕೊಂಡಿದ್ದೆ. ಅದು ಮೇರಿ ಚಾವೆಲಿಟಾ ಡನ್ ಎಂಬ ಮಹಿಳೆಯ ಕಾವ್ಯನಾಮವಂತೆ.

17ರ ಹುಡುಗಿ ಫ್ಲಾರೆನ್ಸ್‌ಗೆ ಮದುವೆ. ಗಂಡನ ಜೊತೆ ಹೊರಡುವ ಹೊತ್ತಿಗೆ ತಾಯಿ ಏನೋ ಹೇಳಲು ಹೋಗಿ ಸಂಕೋಚಪಡ್ತಾಳೆ. ಕೊನೆಗೆ, ಗಂಡ ಹೇಳಿದಂತೆ ಕೇಳು ಅನ್ನೋ ಅರ್ಥದ ಮಾತಷ್ಟೇ ಹೊರಬರುತ್ತೆ. ಐದು ವರ್ಷದ ನಂತರ ಫ್ಲಾರೆನ್ಸ್ ಬಳಲಿ ಬೆಂಡಾಗಿ ವಾಪಸ್ ಬರ್ತಾಳೆ. ಗಂಡನಿಗೆ ಬೇರೆ ಸಹವಾಸಗಳಿವೆ. ಅವನನ್ನು ಬಿಡ್ತೀನಿ ಅಂತಾಳೆ. ಆದರೆ ಅವಳ ಸಿಟ್ಟೆಲ್ಲ ತಿರುಗೋದು ತಾಯಿಯ ಮೇಲೆ: ಮದುವೆ ಅಂದ್ರೆ ಏನು ಅಂತಲೇ ತಿಳಿಸದೆ ಕಳಿಸಿಕೊಟ್ಟೆಯಲ್ಲ ಅಂತ.

ಬಿಡುವುದು ಸುಲಭವೂ ಅಲ್ಲ. 1857ರ ಕಾಯ್ದೆಯಂತೆ ಇಂಗ್ಲೆಂಡಿನಲ್ಲಿ ಹೆಂಡತಿ ದಾರಿ ತಪ್ಪಿದರೆ ಗಂಡನಿಗೆ ವಿಚ್ಛೇದನಕ್ಕೆ ಅದೊಂದೇ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆಗೆ ಹಿಂಸೆಯನ್ನೋ, ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಇದು ಸರಿಯಾಗಿದ್ದು 1923ರಲ್ಲಿ. ಮದುವೆಯಾದ ಹೆಣ್ಣಿನ ಆಸ್ತಿ, ದುಡಿಮೆ ಅವಳದ್ದೇ ಅಂತ 1882ರ ಕಾಯ್ದೆಯೇನೋ ಹೇಳಿತ್ತು. ಆದರೆ ಫ್ಲಾರೆನ್ಸ್‌ಳಂಥ ಹುಡುಗಿಗೆ ದುಡಿಯೋದನ್ನು ಕಲಿಸಿದವರು ಯಾರು?

ನನಗೆ ಸಂಬಳ ಇದೆ, ಪಿಎಫ್ ಇದೆ, ನನ್ನದೇ ಅಕೌಂಟ್ ಇದೆ. ಈ ಕಥೆ ನನ್ನದಲ್ಲ ಅನ್ನಿಸಬೇಕಿತ್ತು. ಆದರೆ ನನ್ನ ಮದುವೆಯ ಹಿಂದಿನ ರಾತ್ರಿ ಅಮ್ಮ ಜಡೆ ಹೆಣೆಯುತ್ತಾ ಹೇಳಿದ್ದೂ ಒಂದೇ ಮಾತು: "ಹೊಂದಿಕೊಂಡು ಹೋಗು." ನನ್ನ ಗಂಡ ಒಳ್ಳೆಯವನು. ಅದು ನನ್ನ ಅದೃಷ್ಟ. ಗೊತ್ತಿದ್ದು ಆರಿಸಿಕೊಂಡೆ ಅಂತ ಹೇಳಲಾರೆ.

ಮರುದಿನ ತಂಗಿಗೆ ಫೋನ್ ಮಾಡಿದೆ. ಮೊದಲ ಹತ್ತು ನಿಮಿಷ ಇಬ್ಬರೂ ಸೀರೆ ಬಗ್ಗೆನೇ ಮಾತಾಡಿದ್ವಿ. ಆಮೇಲೆ ಕೇಳೇಬಿಟ್ಟೆ, "ನಿಂಗೆ ನಿಜವಾಗ್ಲೂ ಈ ಮದುವೆ ಇಷ್ಟಾನಾ? ಈಗ್ಲೂ ಬೇಡ ಅನ್ನಬಹುದು. ಆಮೇಲೆ ಕಷ್ಟ ಆದ್ರೂ ನಮ್ಮನೆ ಬಾಗಿಲು ತೆರೆದೇ ಇರುತ್ತೆ."

ಅವಳು ನಕ್ಕಳು. "ಹುಡುಗ ಇಷ್ಟಾನೇ ಅಕ್ಕ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಭಯ ಆಗ್ತಿದೆ. ಯಾರನ್ನ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ" ಅಂದಳು.

ಒಂದು ಗಂಟೆ ಮಾತಾಡಿದ್ವಿ. ದುಡ್ಡು, ಮಕ್ಕಳು, ಕೆಲಸ, ಮೈಯ ವಿಷಯ, ಎಲ್ಲವನ್ನೂ.

ಈ ಭಾನುವಾರ ಊರಿಗೆ ಹೊರಟಿದ್ದೀನಿ. ಅಮ್ಮನ ಜೊತೆಗೂ ಕೂತು ಮಾತಾಡಬೇಕು. ಜಗಳಕ್ಕಲ್ಲ. ಅವಳಿಗೂ ಯಾರೂ ಏನೂ ಹೇಳಿರಲಿಕ್ಕಿಲ್ಲ.