ಚೆನ್ನೆಮಣೆಯ ಬೋಲಪಟ

ಆಷಾಢದಲ್ಲಿ ನಮ್ಮ ಕಾಗಾಲದ ಮನೆಗಳಿಗೆ ಎರಡೇ ಸಪ್ಪಳ: ಹಂಚಿನ ಮೇಲೆ ಮಳೆಯದು, ಪಡುವಣಕ್ಕೆ ಕಡಲಿನದು. ಹೋದ ವರುಷ ಆ ದಿನಗಳಲ್ಲಿ ಮಳೆಯ ದೆಸೆಯಿಂದ ಶಾಲೆಗಳಿಗೆ ಒಂದೇ ಸಮನೆ ಮೂರು ದಿನ ಸೂಟಿ ದೊರೆಯಿತು. ಮೊದಲನೆಯ ದಿನ ವಿದ್ಯುತ್ತು ಹೋಯಿತು, ಎರಡನೆಯ ದಿನ ಮೊಬೈಲುಗಳ ಜೀವ ಹೋಯಿತು. ಹೀಗೆ ಕೈ ಬರಿದಾದ ನಾಲ್ವರು ಮೊಮ್ಮಕ್ಕಳನ್ನು ಒಂದು ಜಗಲಿಯಲ್ಲಿ ಹಿಡಿದಿಡುವ ಕೆಲಸವು ಎಂಥದೆಂಬುದನ್ನು ವಾಚಕ ಸೋದರಿಯರಿಗೆ ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಹುಡುಗರು ಅಟ್ಟ ಹತ್ತಿದರು. ಹಳೆಯ ಹಂಡೆಯ ಹಿಂದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಚೆನ್ನೆಮಣೆಯನ್ನು ಹೊತ್ತು ಇಳಿದರು. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ. ಏಕೆಂಬುದು ಮುಂದೆ ಬರುವದು.

ಮಣೆಯಲ್ಲಿ ಸಾಲಿಗೆ ೭ರಂತೆ ೧೪ ಗುಳಿ. ಗುಳಿಗೆ ೪ರಂತೆ ೫೬ ಕಾಳು. ನಮ್ಮಲ್ಲಿ ಹುಣಸೆಬೀಜವೇ ಕಾಳು. ತನ್ನ ಸಾಲಿನ ಒಂದು ಗುಳಿಯದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಹಾಕಬೇಕು. ಆ ಮುಂದಿನ ಗುಳಿ ಖಾಲಿಯಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದುದೆಲ್ಲ ಆಡಿದವರಿಗೆ. ಊರಿಗೊಂದು, ಮನೆಗೊಂದು ಪದ್ಧತಿಯುಂಟು, ನಮ್ಮದು ಇದು. ಸೋತವರು ಮರು ಆಟದಲ್ಲಿ ತಮ್ಮಲ್ಲುಳಿದ ಕಾಳುಗಳಿಂದ ಎಷ್ಟು ಗುಳಿ ತುಂಬಬಹುದೋ ಅಷ್ಟೇ ಗುಳಿಗಳಿಗೆ ಒಡೆಯರು. ಬಡವರು ಇನ್ನಷ್ಟು ಬಡವರಾಗುವ ಈ ಆಟವನ್ನು ಹೆಂಗಸರ ಆಟವೆಂದು ಗಂಡಸರು ಏಕೆ ಬಿಟ್ಟುಕೊಟ್ಟರೋ ನಾನರಿಯೆ.

ಕಿರಿಯ ಮೊಮ್ಮಗಳು, ಎಂಟು ವರುಷದವಳು, ಕಾಳುಗಳನ್ನು ಎಣಿಸಿ, “ಅಮ್ಮಮ್ಮ, ೫೪ ಮಾತ್ರ ಉಂಟು!” ಎಂದಳು. ನಾನು ಕೇಳಿಸದವಳಂತೆ ಹಲಸಿನ ಹಪ್ಪಳ ಹುರಿಯಲು ಒಳಗೆ ಹೋದೆನು.

ಹಿರಿಯ ಮೊಮ್ಮಗ ಹುಬ್ಬಳ್ಳಿಯಲ್ಲಿ ಕಲಿಯುವವನು; ಚಲಚ್ಚಿತ್ರವೆಂದರೆ ಅವನಿಗೆ ಅನ್ನಕ್ಕಿಂತ ಹೆಚ್ಚು. (ನಮ್ಮ ಅಪ್ಪಯ್ಯ ಅದನ್ನು ಕಡೆಯ ತನಕವೂ ಬೋಲಪಟವೆಂದೇ ಕರೆದರು, ನನಗೂ ಅದೇ ಬಾಯಿಗೆ ಬರುವದು.) ಅಮೇರಿಕೆಯಲ್ಲಿ ಆಟಗಳನ್ನೇ ಪಟ ಮಾಡುವರೆಂದು ಅವನು ಹೇಳಿದನು. ಯಂತ್ರದ ಪರದೆಯ ಮೇಲೆ ಆಡುವ ‘ಸೂಪರ್ ಮಾರಿಯೋ’ ೧೯೯೩ರಲ್ಲಿ ಪಟವಾಯಿತಂತೆ. ‘ಕ್ಲೂ’ ಎಂಬ ಮಣೆಯಾಟವನ್ನು ೧೯೮೫ರಲ್ಲಿ ಪಟ ಮಾಡಿದವರು ಅದಕ್ಕೆ ಮೂರು ಬೇರೆಬೇರೆ ಮುಕ್ತಾಯಗಳನ್ನಿಟ್ಟು, ಒಂದೊಂದು ಚಿತ್ರಮಂದಿರಕ್ಕೆ ಒಂದೊಂದನ್ನು ಕಳಿಸಿದರಂತೆ. “ಚೆನ್ನೆಮಣೆಯನ್ನು ಪಟ ಮಾಡಿದರೆ ಕಥೆ ಹೇಗಿರಬೇಕು? ಎಲ್ಲರೂ ಬರೆಯಿರಿ. ಅಮ್ಮಮ್ಮನೇ ಪರೀಕ್ಷಕಳು. ಬಹುಮಾನ ಹಪ್ಪಳದ ಕಟ್ಟು” ಎಂದು ಪಂದ್ಯ ಹೂಡಿಯೇ ಬಿಟ್ಟನು.

ಆಟವನ್ನು ತೋರಿಸಿದರೆ ಪಟವಾಗದು ಎಂಬಷ್ಟು ನನಗೂ ಗೊತ್ತು. ಸತ್ಯಜಿತ್ ರಾಯರು ೧೯೭೭ರಲ್ಲಿ ಮಾಡಿದ ಚದುರಂಗದ ಪಟವನ್ನು ದೂರದರ್ಶನದಲ್ಲಿ ನೋಡಿದ ನೆನಪಿದೆ. ೧೮೫೬ರಲ್ಲಿ ಲಖನೌದ ನವಾಬನ ರಾಜ್ಯವನ್ನು ಇಂಗ್ಲಿಷರು ನುಂಗುತ್ತಿರುವಾಗ ಇಬ್ಬರು ಶ್ರೀಮಂತ ಗೆಳೆಯರು ಮಣೆಯ ಮುಂದಿನಿಂದ ಏಳಲೊಲ್ಲರು. ಪ್ರೇಮಚಂದರ ಮೂಲ ಕಥೆಯಲ್ಲಿ ಅವರು ಆಟಕ್ಕಾಗಿಯೇ ಒಬ್ಬರನ್ನೊಬ್ಬರು ಕತ್ತಿಯಿಂದ ಕಡಿದುಕೊಂಡು ಸಾಯುವರು. ರಾಯರು ಅವರನ್ನು ಬದುಕಿಸಿ ಮತ್ತೆ ಆಡಲು ಕೂಡಿಸಿದರು. ಎರಡರಲ್ಲಿ ಯಾವದು ಹೆಚ್ಚು ಕ್ರೂರವೆಂದು ನಾನು ಇನ್ನೂ ತೀರ್ಮಾನಿಸಿಲ್ಲ.

“ಚೆನ್ನೆಗೆ ಕಥೆಯಿಲ್ಲವೇ?” ಎಂದು ಹುಡುಗರು ಪೀಡಿಸಲು, ಆಯಿ ನಮಗೆ ಹೇಳಿದ್ದ ತುಳುನಾಡಿನ ಕಥೆಯನ್ನು ಹೇಳಿದೆನು. ಸಿರಿಯ ಮೊಮ್ಮಕ್ಕಳು, ಸೊನ್ನೆಯ ಅವಳಿ ಮಕ್ಕಳು, ಅಬ್ಬಗ ದಾರಗ ಎಂಬ ಹುಡುಗಿಯರು. ಚೆನ್ನೆಯಾಡುತ್ತ ಜಗಳ ಬಂತು, ಒಬ್ಬಳು ಮಣೆಯನ್ನೆತ್ತಿ ಇನ್ನೊಬ್ಬಳ ತಲೆಗೆ ಹೊಡೆದಳು, ಅವಳು ಸತ್ತಳು, ಹೊಡೆದವಳು ತಾನೂ ಬಾವಿಗೆ ಹಾರಿದಳು. ಈ ಸಿರಿಯ ಕಥೆಯನ್ನು ಉಜಿರೆಯ ಹತ್ತಿರದ ಗೋಪಾಲ ನಾಯ್ಕರು ೧೯೯೦ರಲ್ಲಿ ಹಾಡಿದುದನ್ನು ಫಿನ್ಲೆಂಡಿನ ಪಂಡಿತ ಲೌರಿ ಹೊಂಕೊ ಅವರೂ ನಮ್ಮ ವಿದ್ವಾಂಸರೂ ಕೂಡಿ ಬರೆದುಕೊಂಡರು. ೧೯೯೮ರಲ್ಲಿ ಅಚ್ಚಾದಾಗ ಅದು ೧೫,೬೮೩ ಸಾಲುಗಳಾಯಿತು. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ಮಾತು ಆ ಕಡೆ ಇಂದಿಗೂ ಉಂಟು.

ಆಯಿ ನಮಗೂ ಹಾಗೆಯೇ ಹೇಳಿದ್ದಳು. ನಾನು ಮತ್ತು ಅಕ್ಕ ಕೇಳಲಿಲ್ಲ. ನನಗೆ ಹತ್ತು ವರುಷ. ಒಂದು ಮಳೆಗಾಲದ ಮಧ್ಯಾಹ್ನ ಸೋಲು ಎದುರಿಗೆ ಕಂಡಾಗ ನಾನು ಎರಡು ಕಾಳುಗಳನ್ನು ಲಂಗದ ನೆರಿಗೆಯಲ್ಲಿ ಅಡಗಿಸಿದೆ. ಅಕ್ಕ ಎಣಿಸಿದಳು, ಕೇಳಿದಳು. ನಾನು ದೇವರ ಆಣೆಯಿಟ್ಟೆ. ಸುಳ್ಳಾಡಿದವಳು ಅವಳೇ ಎಂದು ಆಯಿ ಅವಳಿಗೆ ಹೊಡೆದಳು. ಆ ಎರಡು ಬೀಜಗಳನ್ನು ನಾನು ಮರುದಿನ ಬಾವಿಗೆ ಹಾಕಿದೆನು.

ಆರು ವರುಷಗಳ ಹಿಂದೆ ಆಯಿ ನನ್ನ ಮನೆಯಲ್ಲೇ ತೀರಿಕೊಂಡಳು. ಹೊಳೆಯಾಚೆಯ ಅಕ್ಕ ಬಂದು ಬಂಗಾರ ಕೇಳಲಿಲ್ಲ, ಹಿತ್ತಾಳೆ ಕೇಳಲಿಲ್ಲ. “ಚೆನ್ನೆಮಣೆ ನನಗಿರಲಿ” ಎಂದಳು. ಅದಕ್ಕೆ ಗೆದ್ದಲು ಹಿಡಿಯಿತೆಂದು ನಾನು ಹೇಳಿಬಿಟ್ಟೆನು. ಕೊಡಲು ಯಾವ ಕಷ್ಟವೂ ಇರಲಿಲ್ಲ; ಅವಳು ಕಾಳು ಎಣಿಸುವಳೆಂಬ ಹೆದರಿಕೆ. ಅಕ್ಕ ನನ್ನ ಮುಖ ನೋಡಿದಳು, ಹೋದಳು. ಅಲ್ಲಿಂದ ಮಾತಿಲ್ಲ. ಅಘನಾಶಿನಿಯಲ್ಲಿ ದೋಣಿ ಹತ್ತಿದರೆ ತದಡಿ. ತದಡಿಯಾಚೆ ಅವಳ ಮನೆ. ಅಷ್ಟೇ ದೂರ.

ಪಂದ್ಯದ ಮಾತಿಗೆ ಬರೋಣ. ಹಿರಿಯವನದು ಹದಿನಾಲ್ಕು ಕೋಟೆ, ಆನೆ, ಕುದುರೆ. ಕೋಟಿಗಟ್ಟಲೆ ಖರ್ಚಿನದು, ಆದರೆ ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅವನ ತಂಗಿಯದು ಪತ್ತೇದಾರಿ. ಕಾಳುಗಳಲ್ಲಿ ಒಂದು ಬಂಗಾರದ್ದು. ಮೂರನೆಯವನು ಅರ್ಧ ಬರೆದು ನಿದ್ದೆ ಹೋದನು. ಕಿರಿಯವಳ ಕಥೆ ಒಂದೇ ಪುಟ. ಒಂದು ಮನೆ, ಇಬ್ಬರು ಹುಡುಗಿಯರು, ಮಳೆ. ಒಬ್ಬಳು ಎರಡು ಕಾಳು ಅಡಗಿಸುವಳು. ಅದು ಪಟ ನೋಡುವವರಿಗೆ ಕಾಣುವದು, ಎದುರಿನವಳಿಗೆ ಕಾಣದು. ಎದುರಿನವಳು, “ಎಷ್ಟು ಉಂಟು?” ಎಂದು ಕೇಳುವಳು. ಅಷ್ಟಕ್ಕೇ ನಿಲ್ಲಿಸಿದ್ದಳು.

“ಮುಕ್ತಾಯವಿಲ್ಲದ ಪಟವುಂಟೇ? ‘ಕ್ಲೂ’ವಿಗೆ ಮೂರಿದ್ದವು, ನಿನ್ನದಕ್ಕೆ ಒಂದೂ ಇಲ್ಲ” ಎಂದು ಅಣ್ಣ ಹಾಸ್ಯ ಮಾಡಿದನು.

“ಮುಂದಿನದು ನನಗೆ ಗೊತ್ತಿಲ್ಲ. ಅಮ್ಮಮ್ಮ ಹೇಳಲಿ” ಎಂದಳು ಹುಡುಗಿ. ಅವಳಿಗೆ ಏನೂ ತಿಳಿದಿರಲಿಲ್ಲ. ಕಡಿಮೆ ಬಿದ್ದ ಕಾಳುಗಳಿಗೆ ಒಂದು ಕಾರಣ ಹುಡುಕಿದ್ದಳು, ಅಷ್ಟೆ. ಆದರೂ ಆ ಪುಟವನ್ನು ಹಿಡಿದ ನನ್ನ ಕೈ ನಡುಗಿತು. ಬಹುಮಾನ ಅವಳಿಗೆಂದೆ. ಉಳಿದವರು ಪಕ್ಷಪಾತವೆಂದು ಗದ್ದಲ ಮಾಡಿದರು.

ನಾಲ್ಕನೆಯ ದಿನ ವಿದ್ಯುತ್ತು ಬಂತು. ಮೊಬೈಲಿಗೆ ಜೀವ ಬಂದ ಕೂಡಲೆ, ಧೈರ್ಯ ಆರುವ ಮುಂಚೆ, ಅಕ್ಕನಿಗೆ ಕರೆ ಮಾಡಿದೆನು.

“ಅಕ್ಕಾ, ಆಯಿಯ ಮಣೆ ಉಂಟು. ಗೆದ್ದಲು ಹಿಡಿದಿರಲಿಲ್ಲ.”

ಬಹಳ ಹೊತ್ತು ಆಚೆಯಿಂದ ಮಳೆಯ ಸಪ್ಪಳವೇ ಕೇಳಿತು.

“ಕಾಳು ಎಷ್ಟು ಉಂಟು?”

“ಐವತ್ತನಾಲ್ಕು. ಉಳಿದೆರಡನ್ನು ನಾನೇ ಬಾವಿಗೆ ಹಾಕಿದ್ದೆ.”

“ಅದು ನನಗೆ ಆವತ್ತೇ ಗೊತ್ತಿತ್ತು” ಎಂದಳು ಅಕ್ಕ. ಆಮೇಲೆ, “ದೋಣಿ ಬಿಡುತ್ತಾರೆಯೇ ಈಗ?” ಎಂದು ಕೇಳಿದಳು.

“ಇಲ್ಲ, ಹೊಳೆ ಬಹಳ ಉಂಟು.”

“ಹಾಗಾದರೆ ಇಳಿಯಲಿ, ನೋಡುವಾ” ಎಂದು ಇಟ್ಟುಬಿಟ್ಟಳು.

ಮಣೆಯನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿರೆಂದು ಹುಡುಗರಿಗೆ ಹೇಳಲು ಜಗಲಿಗೆ ಬಂದೆನು. ಬಹುಮಾನದ ಹಪ್ಪಳದ ಕಟ್ಟು ಅಷ್ಟರಲ್ಲಿ ಅರ್ಧವಾಗಿತ್ತು; ಗೆದ್ದವಳು ಅಳುತ್ತಿದ್ದಳು.