ಕಂಪ್ಯೂಟರ್ ಓದೋಕೆ ಹೋದವಳಿಗೆ ಚರಿತ್ರೆ ಯಾಕೆ?

ಅಮೆರಿಕದ ಕಾಲೇಜಿಗೆ ಮಕ್ಕಳನ್ನು ಸೇರಿಸಿದ ಅಪ್ಪ-ಅಮ್ಮಂದಿರ ಬಾಯಲ್ಲಿ ಮೊದಲ ವರ್ಷ ಪದೇ ಪದೇ ಕೇಳಿಬರೋ ಪದ ಒಂದಿದೆ, 'ಜೆನ್ ಎಡ್'. ಜನರಲ್ ಎಜುಕೇಶನ್ ಅನ್ನೋದರ ಮೋಟು ರೂಪ. ನಮ್ಮ ಕಡೆ ಬಿ.ಇ.ಗೆ ಸೇರಿದ ದಿನವೇ ಎಂಟೂ ಸೆಮಿಸ್ಟರಿಗೆ ಏನೇನು ಓದಬೇಕು ಅಂತ ಯಾರೋ ಅಚ್ಚು ಹಾಕಿಸಿ ಇಟ್ಟಿರ್ತಾರೆ. ಕೊನೆಯಲ್ಲಿ ಎರಡೋ ಮೂರೋ ಇಲೆಕ್ಟಿವ್ ಬರುತ್ತವೆ, ಅದರಲ್ಲೂ ಯಾವ ಲೆಕ್ಚರರ್ ಖಾಲಿ ಇದ್ದಾರೋ ಅದೇ ನಮ್ಮ ಆಯ್ಕೆ! ಅಲ್ಲಿ ಹಾಗಲ್ಲ. ಕಂಪ್ಯೂಟರ್ ಸೈನ್ಸ್ ಓದೋಕೆ ಹೋದವರೂ ಒಂದಿಷ್ಟು ಸಾಹಿತ್ಯ, ಒಂದಿಷ್ಟು ಚರಿತ್ರೆ, ಲ್ಯಾಬ್ ಇರೋ ಒಂದು ವಿಜ್ಞಾನ, ಒಂದು ಕಲೆ, ಒಂದು ಸಮಾಜಶಾಸ್ತ್ರ, ಬರವಣಿಗೆ, ಕೆಲವು ಕಡೆ ಒಂದು ಪರಭಾಷೆ, ಇಷ್ಟೂ ಮುಗಿಸಲೇಬೇಕು. ಮುಗಿಸದಿದ್ದರೆ ಡಿಗ್ರಿ ಇಲ್ಲ. ಆದರೆ ಪ್ರತಿ ಖಾನೆಗೂ ಯಾವ ಕೋರ್ಸು ಅನ್ನೋದನ್ನ ಮಾತ್ರ ವಿದ್ಯಾರ್ಥಿಯೇ ಆರಿಸಬೇಕು, ನೂರಾರು ಕೋರ್ಸುಗಳ ಪಟ್ಟಿಯಿಂದ.

ಲೆಕ್ಕದಲ್ಲಿ ಹೇಳೋದಾದ್ರೆ, ಅಲ್ಲಿ ಬ್ಯಾಚಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಒಂದು ಕೋರ್ಸಿಗೆ 3 ಅಥವಾ 4 ಕ್ರೆಡಿಟ್. ಬಹಳಷ್ಟು ಕಡೆ ಈ ಜೆನ್ ಎಡ್ ಒಟ್ಟಿನ ಮೂರನೇ ಒಂದು ಭಾಗದಷ್ಟು ನುಂಗುತ್ತದೆ. ಅಂದ್ರೆ ನಾಲ್ಕು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು. ಆ ವರ್ಷದ ಫೀಸೂ ಕಟ್ಟಬೇಕಲ್ಲ? ಜಗಳ ಶುರುವಾಗೋದೇ ಅಲ್ಲಿ.

ನನ್ನ ಚಿಕ್ಕಪ್ಪನ ಮನೆಯಲ್ಲೂ ಶುರುವಾಗಿತ್ತು. ಅವರ ಮಗಳು ಅಲ್ಲೇ ಹುಟ್ಟಿ ಬೆಳೆದವಳು, ದೊಡ್ಡದೊಂದು ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಸೈನ್ಸ್ ಅಂತ ಸೇರಿದ್ದಾಳೆ. ಚಿಕ್ಕಪ್ಪ ಹಳೇ ಕಾಲದ ಸಾಫ್ಟ್‌ವೇರ್ ಮನುಷ್ಯ. ಮನೆಗೆ ಫ್ರಿಜ್ ತಗೊಳ್ಳೋಕೂ ಎಕ್ಸೆಲ್ ಶೀಟ್ ಮಾಡೋರು. ಇದಕ್ಕೆ ಬಿಡ್ತಾರಾ? ಸಾಲಿನಲ್ಲಿ ಕೋರ್ಸು, ಕಾಲಮ್ಮಿನಲ್ಲಿ ಖಾನೆ, ಹಸಿರು ಬಣ್ಣದಲ್ಲಿ ಹಿಂದಿನ ವರ್ಷಗಳಲ್ಲಿ ಎಷ್ಟು ಜನಕ್ಕೆ 'ಎ' ಗ್ರೇಡ್ ಬಂದಿದೆ ಅನ್ನೋದು. ನಾನು ಅಲ್ಲಿ ಎಂ.ಎಸ್. ಮಾಡಿ ಬೆಂಗಳೂರಿಗೆ ವಾಪಸ್ ಬಂದವನು ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ಸಲಹೆಗಾರನನ್ನಾಗಿ ನೇಮಿಸಿದರು. ಸಂಬಳ ಇಲ್ಲ, ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಾಲ್ :-)

ಆ ಶೀಟು ನೋಡಿದ ತಕ್ಷಣ ನನ್ನೊಳಗಿನ ಇಂಜಿನಿಯರಿಗೆ ಖುಷಿ ಆಯ್ತು. ಯಾಕಂದ್ರೆ ಇದು ನಾವು ಆಲ್ಗಾರಿದಮ್ ಪಾಠದಲ್ಲಿ ಓದಿದ 'ಸೆಟ್ ಕವರ್' ಸಮಸ್ಯೆ. ಕೆಲವು ಕೋರ್ಸುಗಳು ಎರಡೆರಡು ಖಾನೆ ತುಂಬಿಸ್ತವೆ. ಉದಾಹರಣೆಗೆ, ಏಷ್ಯಾದ ಯಾವುದೋ ದೇಶದ ಚರಿತ್ರೆ ತಗೊಂಡರೆ 'ಚರಿತ್ರೆ'ಯೂ ಆಯ್ತು, 'ಜಾಗತಿಕ ಸಂಸ್ಕೃತಿ'ಯೂ ಆಯ್ತು. ಎಲ್ಲ ಖಾನೆಗಳನ್ನೂ ತುಂಬಿಸುವ ಅತಿ ಕಡಿಮೆ ಕೋರ್ಸುಗಳ ಗುಂಪು ಯಾವುದು? ರಿಚರ್ಡ್ ಕಾರ್ಪ್ 1972ರಲ್ಲಿ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಇದೂ ಒಂದು. ಪಟ್ಟಿ ದೊಡ್ಡದಾದಷ್ಟೂ ಖಚಿತ ಉತ್ತರ ಹುಡುಕೋದು ಕಷ್ಟವಾಗ್ತಾ ಹೋಗುತ್ತೆ. ಆದರೆ ಅವಳ ಟೈಮ್‌ಟೇಬಲ್‌ಗೆ ಹೊಂದೋ ಅರವತ್ತು ಕೋರ್ಸು, ಏಳು ಖಾನೆಗೆ ಕಂಪ್ಯೂಟರಿಗೆ ಒಂದು ಸೆಕೆಂಡೂ ಬೇಡ. ಪುಟ್ಟ ಪ್ರೋಗ್ರಾಮ್ ಬರೆದೆ. ಐದೇ ಕೋರ್ಸಲ್ಲಿ ಏಳೂ ಖಾನೆ ಭರ್ತಿ ಅಂತ ಬಂತು. ಚಿಕ್ಕಪ್ಪ ಆ ಕಡೆಯಿಂದ ಚಪ್ಪಾಳೆ ಹೊಡೆದರು.

ತಂಗಿ ಮಾತ್ರ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಅಣ್ಣಾ, ಇದ್ರಲ್ಲಿ ಇಂಟರೆಸ್ಟಿಂಗ್ ಯಾವ್ದು ಅಂತ ಕಾಲಮ್ ಇಲ್ವಾ?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಬರಹ.

ನಾನು ಎಂ.ಎಸ್. ಮಾಡುವಾಗ ಎರಡು ಸೆಮಿಸ್ಟರ್ ಟಿ.ಎ. ಆಗಿದ್ದೆ. ಸಿಕ್ಕಿದ್ದು ಒಂದು ಜೆನ್ ಎಡ್ ಕೋರ್ಸು, ಕಂಪ್ಯೂಟರ್ ಬೇಡದವರಿಗೆ ಕಂಪ್ಯೂಟರ್ ಪಾಠ. ಸಂಗೀತ, ನರ್ಸಿಂಗ್, ಚರಿತ್ರೆ, ಬಿಸಿನೆಸ್ ಓದೋ ಮಕ್ಕಳು. ಅರ್ಧ ಜನ ಹಲ್ಲಿನ ಡಾಕ್ಟರ್ ಹತ್ರ ಬಂದ ಹಾಗೆ ಬಂದು ಕೂರೋರು. ಪರೀಕ್ಷೆಗೆ ಏನು ಬರುತ್ತೆ ಅಂತ ಮೊದಲ ದಿನವೇ ಕೇಳೋರು. ಹಾಗಾಗಿ ಈ ಜೆನ್ ಎಡ್ ಅಂದ್ರೆ ಎಲ್ಲರೂ ಜ್ಞಾನದಾಹದಿಂದ ತುಂಬಿ ತುಳುಕೋ ಜಾಗ ಅಂತ ನಾನು ಹೇಳಲ್ಲ. ಸುಲಭದ ಕೋರ್ಸುಗಳಿಗೆ ಅಡ್ಡಹೆಸರಿಡೋ ಸಂಪ್ರದಾಯವೇ ಅಲ್ಲಿದೆ. ಭೂವಿಜ್ಞಾನದ ಹಗುರ ಕೋರ್ಸಿಗೆ 'ರಾಕ್ಸ್ ಫಾರ್ ಜಾಕ್ಸ್', ಅಂದ್ರೆ ಆಟಗಾರರಿಗೆ ಕಲ್ಲುಬಂಡೆ! ಗಣಿತ ಇಲ್ಲದ ಭೌತಶಾಸ್ತ್ರಕ್ಕೆ 'ಕವಿಗಳಿಗೆ ಫಿಸಿಕ್ಸ್'.

ಆದರೂ ಒಂದು ದಿನ ಹೀಗಾಯ್ತು. ಹೆಸರುಗಳ ಪಟ್ಟಿ ಓದಿ ಅಕಾರಾದಿಯಾಗಿ ಜೋಡಿಸೋ ಅಸೈನ್‌ಮೆಂಟ್. ಮೊದಲ ಹೆಸರು, ಕೊನೆಯ ಹೆಸರು, ಎರಡು ಫೀಲ್ಡು. ಆಂತ್ರಪಾಲಜಿ ಓದೋ ಹುಡುಗಿಯೊಬ್ಬಳು ಕೈ ಎತ್ತಿ ಕೇಳಿದಳು, "ಒಂದೇ ಹೆಸರು ಇರೋರು ಏನು ಮಾಡ್ಬೇಕು? ಪ್ರಪಂಚದಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇರಲ್ಲ." ನಾನು ನಗಬೇಕೋ ಅಳಬೇಕೋ! ನನ್ನದೇ ಪಾಸ್‌ಪೋರ್ಟಿನಲ್ಲಿ ನಮ್ಮೂರಿನ ಹೆಸರು ಸರ್‌ನೇಮ್ ಆಗಿ ಕೂತಿದೆ. ಬ್ಯಾಂಕಿನವರು, ಏರ್‌ಲೈನಿನವರು ಎಲ್ಲರೂ ನನ್ನನ್ನು 'ಮಿಸ್ಟರ್ ನಮ್ಮೂರು' ಅಂತಲೇ ಕರೀತಾರೆ. ಆದರೆ ಡೇಟಾಬೇಸ್ ಪಾಠದಲ್ಲಿ ಈ ಪ್ರಶ್ನೆ ಯಾರೂ ಎತ್ತಿದ್ದಿಲ್ಲ. ಎತ್ತಿದ್ದು ಕಂಪ್ಯೂಟರ್ ಬೇಡದವಳು. ಬೇರೆ ಶಾಸ್ತ್ರ ಓದಿದವರು ಒಂದು ಕೋಣೆಯಲ್ಲಿ ಕೂತರೆ ಏನು ಲಾಭ ಅಂತ ನನಗೆ ಅರ್ಥವಾಗಿದ್ದು ಅವತ್ತು.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲವಾ ಅಂದ್ರೆ, ಇತ್ತು. ಬಿ.ಇ. ಮೊದಲ ವರ್ಷ ಸಂವಿಧಾನ, ಪರಿಸರ ಅಂತ ಎರಡು ಪೇಪರ್. ನಮ್ಮ ಕಾಲೇಜಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಸರಿಯುತ್ತರದ ಗುಂಡು ತುಂಬಿಸಿದರೆ ಮುಗೀತು. ಆ ಪರಿಸರದ ಪೇಪರ್ ಎಲ್ಲಿಂದ ಬಂತು ಅಂತ ನಾನು ತಿಳಿದುಕೊಂಡಿದ್ದು ಕೆಲಸಕ್ಕೆ ಸೇರಿದ ಮೇಲೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಶಾಲೆ-ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ನಿರ್ದೇಶನ ಕೊಟ್ಟಿತ್ತು. ಆಮೇಲೆ ಯು.ಜಿ.ಸಿ. ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ಮಾಡಿಕೊಟ್ಟಿತು. ಅಂದ್ರೆ ಒಬ್ಬ ವಕೀಲ ಕೋರ್ಟಿನಲ್ಲಿ ಹೋರಾಡಿ ತಂದ ಪಾಠವನ್ನ ನಾವು ಎ, ಬಿ, ಸಿ, ಡಿ ಅಂತ ಗುರುತು ಹಾಕಿ ಬಂದ್ವಿ. ಈ ಕಥೆಯನ್ನೇ ಮೊದಲ ತರಗತಿಯಲ್ಲಿ ಹೇಳಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು!

ಅಮೆರಿಕದವರೂ ಇದನ್ನ ಒಂದೇ ದಿನದಲ್ಲಿ ಕಂಡುಹಿಡಿದವರಲ್ಲ. ಹಾರ್ವರ್ಡಿನಲ್ಲಿ 1869ರಲ್ಲಿ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಹಳೇ ಕಡ್ಡಾಯ ಪಠ್ಯವನ್ನು ಸಡಿಲಿಸುತ್ತಾ ಹೋಗಿ, ವಿದ್ಯಾರ್ಥಿಗೆ ಬೇಕಾದ್ದನ್ನ ಓದಲಿ ಅಂದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಕೊಲಂಬಿಯಾದವರು ಎಲ್ಲರೂ ಸೇರಿ ಓದಬೇಕಾದ 'ಸಮಕಾಲೀನ ನಾಗರಿಕತೆ' ಅನ್ನೋ ಕೋರ್ಸು ಶುರು ಮಾಡಿದರು. ಎರಡನೇ ಯುದ್ಧ ಮುಗಿದ 1945ರಲ್ಲಿ ಹಾರ್ವರ್ಡೇ ಸ್ವತಂತ್ರ ಸಮಾಜಕ್ಕೆ ಎಂಥಾ ಸಾಮಾನ್ಯ ಶಿಕ್ಷಣ ಬೇಕು ಅಂತ ದೊಡ್ಡ ವರದಿ ತಂದಿತು. 1969ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಉಲ್ಟಾ ಹೊಡೆದು, ಖಾನೆಗಳೇ ಬೇಡ ಅಂತ ತೆಗೆದುಹಾಕಿತು. ಒಬ್ಬರು ಕಟ್ಟೋದು, ಇನ್ನೊಬ್ಬರು ಬಿಚ್ಚೋದು.

ನಮ್ಮ ದೇಶದಲ್ಲೂ 1948-49ರ ರಾಧಾಕೃಷ್ಣನ್ ಆಯೋಗ ಪದವಿ ಕಾಲೇಜುಗಳಿಗೆ ಸಾಮಾನ್ಯ ಶಿಕ್ಷಣ ಬೇಕು ಅಂತ ಹೇಳಿತ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ಶುರು ಮಾಡಿದಾಗ ವಿಜ್ಞಾನದ ಮಕ್ಕಳಿಗೆ ಮಾನವಿಕ ವಿಷಯಗಳನ್ನೂ ಸೇರಿಸಿತು. ಕರ್ನಾಟಕದ ಪದವಿ ಕಾಲೇಜುಗಳಲ್ಲಿ 2021-22ರಿಂದ ಹೊಸ ಶಿಕ್ಷಣ ನೀತಿಯ ಪ್ರಕಾರ ಬೇರೆ ವಿಭಾಗದ 'ಓಪನ್ ಇಲೆಕ್ಟಿವ್' ಬಂತು, 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಆ ವ್ಯವಸ್ಥೆ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಕಟ್ಟೋದು ಬಿಚ್ಚೋದು ಇಲ್ಲೂ ಇದೆ.

ಸರಿ, ತಂಗಿ ಏನು ಮಾಡಿದಳು?

ಪ್ರೋಗ್ರಾಮ್ ಕೊಟ್ಟ ಐದರಲ್ಲಿ ಮೂರು ಇಟ್ಟುಕೊಂಡಳು. ಎರಡನ್ನು ಬಿಟ್ಟು ಅವುಗಳ ಜಾಗಕ್ಕೆ ಮೂರು ತಂದಳು. ಒಂದು, ರಾತ್ರಿ ದೂರದರ್ಶಕದ ಲ್ಯಾಬ್ ಇರೋ ಖಗೋಳಶಾಸ್ತ್ರ. ಇನ್ನೊಂದು ನೀತಿಶಾಸ್ತ್ರ. ಮೂರನೆಯದು ದಕ್ಷಿಣ ಏಷ್ಯಾದ ನಾಗರಿಕತೆ. ಐದರಲ್ಲಿ ಮುಗಿಯಬೇಕಿದ್ದದ್ದು ಆರಾಯ್ತು. ಚಿಕ್ಕಪ್ಪನಿಗೆ ಸಿಟ್ಟು. "ಇಂಡಿಯಾ ಬಗ್ಗೆ ಓದೋಕೆ ಅಮೆರಿಕಾಗೆ ಬರ್ಬೇಕಿತ್ತಾ? ಅದಕ್ಕೆ ಡಾಲರ್ ಬೇರೆ ಕಟ್ಬೇಕಾ?"

ತಂಗಿ ಮೆಲ್ಲಗೆ ಹೇಳಿದಳು, "ನೀವು ಹೇಳ್ಕೊಡ್ಲಿಲ್ವಲ್ಲಪ್ಪಾ."

ಕಾಲ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಿಕ್ಕಪ್ಪನ ತಪ್ಪು ಅಂತ ನಾನು ಹೇಳಲಾರೆ. ಬೆಳಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರೋ ಮನುಷ್ಯ, ಇಪ್ಪತ್ತು ವರ್ಷ ವೀಸಾ, ಲೇಆಫ್, ಮನೆ ಸಾಲ ಅಂತ ಓಡಿದವರು ಯಾವಾಗ ಹೇಳಿಕೊಡಬೇಕಿತ್ತು? ಅವರ ದುಡ್ಡಿನ ಲೆಕ್ಕವೂ ಸುಳ್ಳಲ್ಲ. ಒಂದು ಕೋರ್ಸು ಹೆಚ್ಚಾದರೆ ಅದರ ಭಾರ ಹೊರೋದು ಅವರೇ. ಅದಕ್ಕೆ ಅಲ್ಲಿ ದಾರಿಗಳೂ ಇವೆ. ಹೈಸ್ಕೂಲಿನ ಎಪಿ ಪರೀಕ್ಷೆಯ ಅಂಕದಿಂದ ಕೆಲವು ಖಾನೆ ತುಂಬಿಸಬಹುದು. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಕ್ರೆಡಿಟ್ ವರ್ಗಾಯಿಸಬಹುದು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಅಂಥ ಕಾಲೇಜುಗಳಲ್ಲಿ ಯೂನಿಟ್ಟಿಗೆ 46 ಡಾಲರ್ ಅಷ್ಟೇ. ಕೊನೆಗೆ ಒಪ್ಪಂದ ಆಗಿದ್ದೂ ಹಾಗೇ. ಬರವಣಿಗೆ, ಅರ್ಥಶಾಸ್ತ್ರ ಬೇಸಿಗೆಯಲ್ಲಿ ಕಡಿಮೆ ದುಡ್ಡಿಗೆ, ಅವಳಿಗೆ ಬೇಕಾದ್ದು ಮಾತ್ರ ಸ್ವಂತ ಕ್ಯಾಂಪಸ್ಸಿನಲ್ಲಿ.

ದಕ್ಷಿಣ ಏಷ್ಯಾ ಕೋರ್ಸಿನ ಪಠ್ಯದ ಪಟ್ಟಿಯಲ್ಲಿ ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' ಇತ್ತು. 1973ರ ಪುಸ್ತಕ. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ, ಈ ನಾಲ್ವರ ವಚನಗಳ ಇಂಗ್ಲಿಷ್ ಅನುವಾದ. ಮೈಸೂರಿನಲ್ಲಿ ಹುಟ್ಟಿದ ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳೋವರೆಗೂ ಪಾಠ ಮಾಡಿದ್ದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಅದು ಅಮೆರಿಕದಲ್ಲಿ ಸಾಮಾನ್ಯ ಶಿಕ್ಷಣಕ್ಕೆ ಬಹಳ ಹೆಸರಾದ ಜಾಗ. ಅಲ್ಲಿ ಎಲ್ಲರೂ ಒಂದು ನಾಗರಿಕತೆಯ ಬಗ್ಗೆ ಓದಬೇಕು, ಆರಿಸಿಕೊಳ್ಳಬಹುದಾದ ನಾಗರಿಕತೆಗಳಲ್ಲಿ ದಕ್ಷಿಣ ಏಷ್ಯಾದ್ದೂ ಒಂದು.

ಒಂದು ವಾರ ತಂಗಿ ತಿಪಟೂರಿಗೆ ಫೋನ್ ಮಾಡಿ, ಪುಸ್ತಕದಲ್ಲಿದ್ದ ಒಂದು ವಚನದ ಅರ್ಥವನ್ನ ತನ್ನ ತೊದಲು ಕನ್ನಡದಲ್ಲಿ ಅಜ್ಜಿಗೆ ಹೇಳಿ, "ಇದು ಕನ್ನಡದಲ್ಲಿ ಹೇಗಿದೆ ಅಜ್ಜಿ?" ಅಂತ ಕೇಳಿದ್ದಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮಜ್ಜಿ ಅರ್ಧ ಕೇಳೋಷ್ಟರಲ್ಲೇ ಪೂರ್ತಿ ವಚನ ಬಾಯಲ್ಲೇ ಹೇಳಿ, ಅದರ ಹಿಂದೆ ಇನ್ನೂ ನಾಲ್ಕು ಹೇಳಿದರಂತೆ. ಅವತ್ತಿನವರೆಗೆ ಅವರಿಬ್ಬರ ಫೋನು ಅಂದ್ರೆ 'ಊಟ ಆಯ್ತಾ, ಚಳಿ ಇದ್ಯಾ' ಇಷ್ಟೇ. ಅಜ್ಜಿ ನನ್ನ ಹತ್ರ ಈ ಸುದ್ದಿ ಹೇಳಿದ್ದು ಬೇರೆ ರೀತಿ: "ಆ ಮಗೂಗೆ ಅಲ್ಲಿ ನಮ್ ವಚನ ಪರೀಕ್ಷೆಗೆ ಇಟ್ಟವ್ರಂತೆ ಕಣೋ. ನಾನೇ ಪಾಠ ಹೇಳ್ಕೊಟ್ಟೆ!"

ಈಗ ತಂಗಿ ಕನ್ನಡ ಅಕ್ಷರ ಕಲೀತಿದ್ದಾಳೆ. ಅವಳ ಕಾಲೇಜಿನಲ್ಲಿ ಕನ್ನಡ ಇಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು ಮೈಸೂರಿನಲ್ಲಿ ಕನ್ನಡ ಕಲಿಸ್ತಾರೆ ಅಂತ ಹೇಳಿದ್ದೀನಿ. ಬರ್ತಾಳೋ, ಇಂಟರ್ನ್‌ಶಿಪ್ಪಿಗೆ ಹೋಗ್ತಾಳೋ ನೋಡ್ಬೇಕು. ಚಿಕ್ಕಪ್ಪನ ಎಕ್ಸೆಲ್ ಶೀಟಿನಲ್ಲಿ ಇಂಟರ್ನ್‌ಶಿಪ್ ಕಾಲಮ್ ಈಗಲೇ ರೆಡಿ ಇದೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ಪಟ್ಟಿ ಹಿಡಿದು ಕೂತಿದ್ದರೆ ನನ್ನ ಅನುಭವದ ನಾಲ್ಕು ಮಾತು. ಕೋರ್ಸಿನ ಹೆಸರಿಗಿಂತ ಪಾಠ ಮಾಡೋರು ಯಾರು ಅಂತ ನೋಡಿ, ಕೊನೇ ವರ್ಷದವರನ್ನ ಕೇಳಿ. ಓದಬೇಕಾದ ಪುಸ್ತಕಗಳ ಪಟ್ಟಿ ಸಿಕ್ಕರೆ ಅದನ್ನೇ ಮೊದಲು ಓದಿ. ಮೊದಲ ಒಂದೆರಡು ವಾರ ಕೋರ್ಸು ಬದಲಾಯಿಸೋ ಅವಕಾಶ ಇರುತ್ತೆ, ಒಂದೆರಡು ತರಗತಿ ಹೆಚ್ಚಿಗೆ ಹೋಗಿ ಕೂತು ನೋಡಿ. ಎಲ್ಲವನ್ನೂ ಕೊನೇ ವರ್ಷಕ್ಕೆ ತಳ್ಳಬೇಡಿ, ಆಗ ಸಿಗೋದು ಉಳಿದ ಸೀಟು ಮಾತ್ರ. ಹಗುರದ್ದು ಎರಡು ತಗೊಂಡರೂ ಪರವಾಗಿಲ್ಲ, ಆದರೆ ಖಾನೆ ತುಂಬಿಸೋಕಲ್ಲದೆ ಬರೀ ತಿಳ್ಕೊಳ್ಳೋಕೆ ಅಂತ ಒಂದಾದ್ರೂ ಇರಲಿ.

ನನಗೆ ಆ ಪಟ್ಟಿ ಸಿಕ್ಕಿದ್ದಿದ್ದರೆ ಭಾಷಾಶಾಸ್ತ್ರ ತಗೊಳ್ತಿದ್ದೆ, ಕಣ್ಣುಮುಚ್ಚಿಕೊಂಡು. ಎಂಟು ಸೆಮಿಸ್ಟರಿನಲ್ಲಿ ಒಂದೇ ಒಂದು ಖಾನೆ ಖಾಲಿ ಬಿಟ್ಟು, 'ಇಲ್ಲಿ ನಿಮಗಿಷ್ಟ ಬಂದದ್ದು' ಅಂತ ಅಂದಿದ್ದರೆ ನೀವು ಏನು ತಗೊಳ್ತಿದ್ರಿ? ಹೇಳಿ, ಪಟ್ಟಿ ಮಾಡೋಣ. ಎಕ್ಸೆಲ್‌ನಲ್ಲಿ ಬೇಡ :-)