ಘಟ್ಟದ ಕೆಳಗಿನ ರಾಮನಗುಳಿ

ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯು ಅರಬೈಲು ಘಟ್ಟದ ತಿರುವುಗಳನ್ನು ದಾಟಿ ಗಂಗಾವಳಿ ಕೊಳ್ಳವನ್ನು ಸೇರಿದ ಮೇಲೆ ರಾಮನಗುಳಿ ಸಿಗುತ್ತದೆ. ಇಲ್ಲಿ ಸ್ಕೂಟರಿಗೆ ಹೊಸ ಬ್ರೇಕ್ ಪ್ಯಾಡು ಕೊಳ್ಳುವವನು ಮೊದಲು ಆ ಘಟ್ಟವನ್ನು ನೆನೆಯಬೇಕು.

ಹಳೆಯ ಚೇತಕ್ ಸ್ಕೂಟರನ್ನು ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನೇ ವೇಗಕ್ಕೆ ಕಡಿವಾಣವಾಗುತ್ತಿತ್ತು. ಇಂದಿನ ಗೇರಿಲ್ಲದ ಸ್ಕೂಟರುಗಳಲ್ಲಿ ಆ ನೆರವು ಅಲ್ಪ. ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆಯೇ. ಎಡೆಬಿಡದೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಆದುದರಿಂದ ಬೆಲೆಗಿಂತ ಮೊದಲು ಹೊಂದಿಕೆಯನ್ನು ನೋಡಬೇಕು. ಡ್ರಮ್ಮಿಗೆ ಶೂ, ಡಿಸ್ಕಿಗೆ ಪ್ಯಾಡು. ಅದೂ ಆಯಾ ಮಾದರಿಗೆ ತಯಾರಕರು ಸೂಚಿಸಿದುದೇ ಆಗಬೇಕು. ನಾರು, ರಾಳಗಳ ಪ್ಯಾಡು ಸದ್ದಿಲ್ಲದೆ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಲೋಹ ಬೆರೆತದ್ದು ಕಾವನ್ನು ಹೆಚ್ಚು ತಾಳುತ್ತದೆ, ಆದರೆ ಡಿಸ್ಕನ್ನು ಸವೆಸುತ್ತದೆ. ಸವೆತ ತೋರಿಸುವ ಗೆರೆ ಅಳಿಯುವ ಮುನ್ನ, ಜೂನಿನ ಮಳೆ ಹಿಡಿಯುವ ಮೊದಲೇ ಬದಲಾಯಿಸುವುದು ಜಾಣತನ.

ಹೊಸದನ್ನು ಹಾಕಿಸಿದ ದಿನವೇ ಘಟ್ಟ ಏರಬಾರದು. ಸುಂಕಸಾಳದ ಕಡೆಯ ರಸ್ತೆಯಲ್ಲಿ, ಇಳಿಜಾರಿಲ್ಲದೆಡೆ, ಹಲವು ಬಾರಿ ಮೆಲ್ಲನೆ ಹಿಡಿದು ಬಿಟ್ಟು ಪಳಗಿಸಬೇಕು. ಘಟ್ಟ ಏರಿದವನು ಸಂಜೆಗೆ ಇಳಿದು ಬರಲೇಬೇಕಷ್ಟೆ. ಕೆಳಗೆ ಮನೆಯವರು ದಾರಿ ನೋಡುತ್ತಿರುತ್ತಾರೆ.